ಮಡಚುವ ಹತ್ತು ಪಟ್ಟಿನ ಭೂತಗನ್ನಡಿ: ಕೆಲವು ಮಳೆಗಾಲಗಳ ಬಳಕೆಯ ಮೇಲೆ

ತಯಾರಕರು ಇದನ್ನು ಆಭರಣ ಮತ್ತು ಅಂಚೆಚೀಟಿ ಪರೀಕ್ಷಿಸುವವರಿಗೆಂದು ಮಾರುತ್ತಾರೆ. ನಾನು ಕೊಂಡದ್ದು ಬನವಾಸಿ ಕಡೆಯ ಮಕ್ಕಿಗದ್ದೆಯಲ್ಲಿ (ಮಳೆಯನ್ನೇ ನಂಬಿದ ಎತ್ತರದ ಗದ್ದೆ) ಹಾಕುವ ಸೋಯಾ ಅವರೆಗಾಗಿ. ಉಕ್ಕಿನ ಕವಚದೊಳಗೆ ಮಡಚಿದರೆ ಅಂಗಿಯ ಕಿಸೆಯಲ್ಲಿ ಕುಳಿತುಬಿಡುತ್ತದೆ.

ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದು ಎಲೆಗಳು ಆರದೆ ನಿಂತಾಗ ಅವುಗಳ ಮೇಲೆ ತಿಳಿಹಳದಿ ಚುಕ್ಕೆಗಳು ಏಳುತ್ತವೆ. ಬೂಜುತುಪ್ಪಟ ರೋಗವೋ ತುಕ್ಕು ರೋಗವೋ? ಪೇಟೆಯ ಔಷಧದಂಗಡಿಗೆ ಎಲೆ ಒಯ್ದರೆ ಎರಡಕ್ಕೂ ಇರಲಿ ಎಂದು ಎರಡು ಪೊಟ್ಟಣ ಕಟ್ಟಿಕೊಡುತ್ತಾರೆ. ಅದಕ್ಕಿಂತ ಎಲೆಯನ್ನು ಮಗುಚಿ ಮಸೂರ ಹಿಡಿಯುವುದು ಅಗ್ಗ. ಬೂಜುತುಪ್ಪಟವಾದರೆ ಚುಕ್ಕೆಯ ಅಡಿಯಲ್ಲಿ ಬೂದು, ಕೆಲವೊಮ್ಮೆ ನಸುನೇರಳೆ ಬಣ್ಣದ ನವಿರಾದ ತುಪ್ಪಟ ಎದ್ದು ನಿಂತಿರುತ್ತದೆ. ತುಕ್ಕಾದರೆ ತುಪ್ಪಟ ಕಾಣುವುದಿಲ್ಲ. ಸಣ್ಣ ಕಂದು ಬೊಕ್ಕೆಗಳು ಬಾಯಿ ಬಿಟ್ಟು ಪುಡಿ ಉದುರಿಸುತ್ತಿರುತ್ತವೆ. ಬೆಳಿಗ್ಗೆ, ಎಲೆಯ ತೇವ ಆರುವ ಮೊದಲು ನೋಡಿದರೆ ತುಪ್ಪಟ ಚೆನ್ನಾಗಿ ಕಾಣುತ್ತದೆ.

ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆಯಿದೆ. ತುಕ್ಕಿಗೆ ಹೊಡೆಯುವ ಹೆಕ್ಸಾಕೊನಜೋಲ್ ಬೂಜುತುಪ್ಪಟಕ್ಕೆ ನಾಟುವುದಿಲ್ಲ. ಬೂಜುತುಪ್ಪಟ ತರುವ ಪೆರೊನೊಸ್ಪೊರಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರಾದ ಬಳಗದ್ದು. ಅದಕ್ಕೆ ಮೆಟಲಾಕ್ಸಿಲ್‌ನಂಥ ಬೇರೆ ಔಷಧವೇ ಬೇಕು. ಅದೂ ಹೆಚ್ಚಿನ ವರ್ಷಗಳಲ್ಲಿ ಬೇಕಾಗುವುದಿಲ್ಲ, ಏಕೆಂದರೆ ಸೋಯಾದಲ್ಲಿ ಬೂಜುತುಪ್ಪಟದಿಂದ ಇಳುವರಿ ಕುಸಿಯುವುದು ಅಪರೂಪ. ಬಿಸಿಲು ಬಂದರೆ ತಾನಾಗಿ ಹಿಂದೆ ಸರಿಯುತ್ತದೆ. ತುಕ್ಕು ಹಾಗಲ್ಲ, ಎಲೆಗಳನ್ನೇ ಉದುರಿಸಿ ಕಾಯಿಯನ್ನು ಜೊಳ್ಳು ಮಾಡುತ್ತದೆ. ಮಸೂರದ ಬೆಲೆ ನನಗೆ ಮರಳಿದ್ದು ಹೊಡೆಯದೆ ಉಳಿದ ಔಷಧದಲ್ಲಿ.

ಕೊರತೆಗಳೂ ಇವೆ. ಮಲೆನಾಡಿನ ತೇವಕ್ಕೆ ತಿರುಗಣೆಯ ಮೊಳೆ ತುಕ್ಕು ಹಿಡಿಯಿತು (ತುಕ್ಕು ರೋಗ ಹುಡುಕುವ ಸಾಧನಕ್ಕೇ ತುಕ್ಕು!). ಕಪಾಟಿನಲ್ಲಿ ಬಿಟ್ಟರೆ ಗಾಜಿನ ಮೇಲೆ ಬೂಜು ಕಟ್ಟುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಎಲೆಯನ್ನು ಗಾಜಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ, ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿಯುವುದು ಕೈಗೆ ಕೂರುವವರೆಗೆ ಕಿರಿಕಿರಿ. ಮೂವತ್ತು ಪಟ್ಟಿನದಕ್ಕೆ ಆಸೆಪಡಬೇಡಿ: ಕಾಣುವ ಜಾಗ ಚುಕ್ಕೆಯಷ್ಟಾಗುತ್ತದೆ, ಗಾಳಿಗೆ ಅಲ್ಲಾಡುವ ಎಲೆಯ ಮೇಲೆ ಅದು ನಿಲ್ಲುವುದೇ ಇಲ್ಲ. ದೀಪವಿರುವ ಮಾದರಿಯನ್ನೂ ನಾನು ಕೊಳ್ಳುವುದಿಲ್ಲ, ಬ್ಯಾಟರಿಯ ಗೂಡಿಗೆ ಮೊದಲು ನೀರು ಇಳಿಯುತ್ತದೆ.

ಬಿತ್ತನೆಗೂ ಮುನ್ನ ಇದು ಕೆಲಸಕ್ಕೆ ಬರುತ್ತದೆ. ಬೂಜುತುಪ್ಪಟ ಬೀಜದ ಮೂಲಕವೂ ಬರುವುದರಿಂದ, ಸಿಪ್ಪೆಯ ಮೇಲೆ ಬಿಳಿ ಹೊಪ್ಪಳೆಯಂತೆ ಅಂಟಿದ ಪದರವಿರುವ ಕಾಳುಗಳನ್ನು ಮೇ ತಿಂಗಳಿನಲ್ಲೇ ಆರಿಸಿ ತೆಗೆಯುತ್ತೇನೆ. ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಆ ಮೊಳೆಗಾಗಿ ಕಳೆದಿದ್ದೇನೆ.