ಅಂಗೈಯಗಲದ ಪಿಸಿ, ಅದರ ಕೀರಲು ಫ್ಯಾನ್

ಈ ಮಿನಿ ಪಿಸಿಯ ಬಗ್ಗೆ ಯಾರು ಕೇಳಿದರೂ ನನ್ನ ಬಾಯಿಂದ ಮೊದಲು ಬರುವುದು ಫ್ಯಾನಿನ ಮೇಲಿನ ದೂರು. ಸದ್ದು ದೊಡ್ಡದೆಂದಲ್ಲ. ಮೇಜಿನ ಕೆಳಗಿದ್ದ ನನ್ನ ಹಳೆಯ ಕ್ಯಾಬಿನೆಟ್ ಇದಕ್ಕಿಂತ ಜೋರಾಗಿಯೇ ಗುಂಯ್‌ಗುಡುತ್ತಿತ್ತು. ಆದರೆ ಅದು ತಗ್ಗಿದ ದನಿ, ಒಂದೇ ಸಮನೆ ಇರುತ್ತಿದ್ದುದರಿಂದ ಕಿವಿ ಅದನ್ನು ಮರೆತುಬಿಡುತ್ತಿತ್ತು. ಪುಟ್ಟ ಫ್ಯಾನು ಅಷ್ಟೇ ಗಾಳಿ ತಳ್ಳಬೇಕಾದರೆ ಹೆಚ್ಚು ವೇಗವಾಗಿ ತಿರುಗಬೇಕು. ದನಿ ಕೀರಲಾಗುವುದು ಅದಕ್ಕೇ. ಅದನ್ನೂ ಸಹಿಸಬಹುದಿತ್ತು, ಏರಿಳಿತವನ್ನು ಸಹಿಸುವುದು ಕಷ್ಟ. ಬ್ರೌಸರ್‌ನಲ್ಲಿ ಭಾರವಾದ ಒಂದು ಪುಟ ತೆರೆದರೆ ಸಾಕು, ಪ್ರೊಸೆಸರ್ ತನ್ನ 15 ವ್ಯಾಟ್‌ನ ಮಿತಿ ದಾಟಿ ಕೆಲವು ಸೆಕೆಂಡು ಜಿಗಿಯುತ್ತದೆ, ಫ್ಯಾನು ಗಾಬರಿಬಿದ್ದು ಏರುತ್ತದೆ, ಕ್ಷಣದಲ್ಲೇ ಇಳಿಯುತ್ತದೆ. ರಾತ್ರಿ ಕುಳಿತು ಕರಡು ತಿದ್ದುವ ನನ್ನಂಥವರಿಗೆ ಇದು ಕಿವಿಯ ಹತ್ತಿರ ಬಂದುಹೋಗುವ ಸೊಳ್ಳೆ.

ತಯಾರಕರ ಸಹಾಯವಾಣಿಯವರು ಇದು ಸಹಜ ಎಂದು ಹೇಳಿ ಕೈತೊಳೆದುಕೊಂಡರು. ಮದ್ದು ಬಯಾಸ್‌ನಲ್ಲೇ, ಅಂದರೆ ಪಿಸಿ ಚಾಲೂ ಆಗುವ ಹೊತ್ತಿಗೆ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲೇ ಇತ್ತು. ಫ್ಯಾನಿನ ಕನಿಷ್ಠ ವೇಗವನ್ನು ತುಸು ಏರಿಸಿ, ಅದು ಚುರುಕಾಗುವ ಉಷ್ಣಾಂಶವನ್ನೂ ಮೇಲಕ್ಕೆ ತಳ್ಳಿದೆ. ಪ್ರೊಸೆಸರ್ ಕ್ಷಣಕಾಲ ಜಿಗಿಯಬಹುದಾದ ವ್ಯಾಟ್ ಮಿತಿಯನ್ನು ಇಳಿಸಿದೆ. ಈಗ ಸದಾ ಒಂದು ಸಣ್ಣ ಉಸಿರಿನಂಥ ಸದ್ದಿದೆ, ಅಷ್ಟೇ. ವಿಡಿಯೊ ಪರಿವರ್ತಿಸುವಾಗ ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ನನಗೆ ಆ ಕೆಲಸ ಬೀಳುವುದೇ ಅಪರೂಪ. ದಿನವಿಡೀ ವಿಡಿಯೊ ಸಂಕಲಿಸುವವರು, ಆಟ ಆಡುವವರು ಇದರ ಹತ್ತಿರ ಸುಳಿಯದಿರುವುದೇ ಒಳ್ಳೆಯದು.

ಫ್ಯಾನು ತೆಪ್ಪಗಾದ ಮೇಲೆಯೇ ಈ ಯಂತ್ರದ ಸೊಗಸು ನನಗೆ ಕಂಡದ್ದು. ಅದನ್ನು ಮಾನಿಟರ್ ಬೆನ್ನಿಗೆ ತಿರುಪು ಹಾಕಿ ಬಿಗಿದಿದ್ದೇನೆ. ಅಲ್ಲಿರುವ ನಾಲ್ಕು ರಂಧ್ರಗಳ ಅಂತರ ಸಾಮಾನ್ಯವಾಗಿ 75 ಇಲ್ಲವೇ 100 ಮಿಲಿಮೀಟರ್. ಪೆಟ್ಟಿಗೆಯ ಜೊತೆ ಬರುವ ತಗಡು ಎರಡಕ್ಕೂ ಹೊಂದುತ್ತದೆ. ಮಾನಿಟರಿನ ಕಾಲೇ ಆ ರಂಧ್ರಗಳನ್ನು ಹಿಡಿದುಕೊಂಡಿದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಬೆನ್ನಿಗೆ ಬಿಗಿದರೆ ಪವರ್ ಗುಂಡಿ ಕೈಗೆಟುಕುವುದಿಲ್ಲ. ಅದಕ್ಕೂ ಬಯಾಸ್‌ನಲ್ಲಿ ಉಪಾಯವಿದೆ: ಕರೆಂಟ್ ಬಂದೊಡನೆ ತಾನೇ ಚಾಲೂ ಆಗಬೇಕೆಂಬ ಆಯ್ಕೆ. ಬೆಳಗ್ಗೆ ಕೋಣೆಗೆ ಬಂದು ಗೋಡೆಯ ಒಂದೇ ಸ್ವಿಚ್ ಒತ್ತುತ್ತೇನೆ. ಮೇಜಿನ ದೀಪ, ಪರದೆ, ಪಿಸಿ ಮೂರೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ; ಕುರ್ಚಿ ಎಳೆದು, ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತಿರುತ್ತದೆ. ಕೀಲಿಮಣೆಯ ಮುಂದೆ ಹಾಳೆಗಳನ್ನು ಹರಡಿಕೊಳ್ಳಲು ಇಡೀ ಮೇಜು ನನ್ನದು. ಇಷ್ಟು ಸಣ್ಣ ಸಂಗತಿಗೆ ಇಷ್ಟು ಖುಷಿಪಡುವುದು ಅತಿಯೆನ್ನಿಸಬಹುದು, ಎನ್ನಿಸಲಿ. (ರಾತ್ರಿ ಪಿಸಿಯನ್ನು ಸರಿಯಾಗಿ ಆರಿಸಿದ ಮೇಲೆಯೇ ಆ ಸ್ವಿಚ್ ಮುಟ್ಟಬೇಕು. ಸ್ವಿಚ್ ಆರಿಸದೆ ಬಿಟ್ಟರೆ, ಕರೆಂಟ್ ಹೋಗಿ ಬಂದಾಗ ನಡುರಾತ್ರಿಯಲ್ಲೂ ಇದು ತಾನಾಗಿ ಎದ್ದು ಕೂರುತ್ತದೆ.)

ಮೆಮೊರಿಯಾಗಲಿ, ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯಾಗಲಿ ಇಲ್ಲದ ಖಾಲಿ ಪೆಟ್ಟಿಗೆಯನ್ನೇ ಕೊಂಡಿದ್ದೆ, ಖರ್ಚು ಉಳಿಯಲೆಂದು. ಕೆಟ್ಟುಹೋದ ಲ್ಯಾಪ್‌ಟಾಪಿನ ಡಿಡಿಆರ್4 ಮಾದರಿಯ ಮೆಮೊರಿ ಇದಕ್ಕೆ ನೆಟ್ಟಗೆ ಕೂತಿತು. ಇದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿತ್ರದ ಕೆಲಸವೂ ಅದೇ ಮೆಮೊರಿಯಿಂದ ನಡೆಯಬೇಕು. ಎರಡನೆಯ ಸ್ಲಾಟಿಗೂ ಅಂಥದೇ ಒಂದನ್ನು ಹಾಕಿದಾಗ ದೊಡ್ಡ ಪರದೆಯ ಮೇಲಿನ ತಡವರಿಕೆ ತಗ್ಗಿತು.

ವೈರ್‌ಲೆಸ್ ಮೌಸ್ ಒಂದಿಷ್ಟು ದಿನ ಕಾಡಿತು. ಹೊರಗಿನ ಡಿಸ್ಕಿಗೆ ಕಡತ ನಕಲು ಮಾಡುವಾಗಲೆಲ್ಲ ಬಾಣದ ಗುರುತು ಕುಂಟುತ್ತಿತ್ತು. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡ ಬರುತ್ತದೆ, ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಎಲ್ಲ ಪೋರ್ಟುಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಮೌಸಿನ ರಿಸೀವರನ್ನು ಒಂದು ಗಿಡ್ಡ ವಿಸ್ತರಣಾ ಕೇಬಲ್ಲಿಗೆ ಸಿಕ್ಕಿಸಿ ದೂರ ತಂದೆ, ಕಾಟ ನಿಂತಿತು.

ಇನ್ನೂ ಒಪ್ಪಲಾಗದ್ದು ಅಡಾಪ್ಟರ್. ಪೆಟ್ಟಿಗೆಯನ್ನು ಇಷ್ಟು ಕುಗ್ಗಿಸಿದವರು ಪವರ್ ಸಪ್ಲೈಯನ್ನು ಹೊರಗೆ ತಳ್ಳಿ ಗೆದ್ದಿದ್ದಾರೆ. ಅದರ ತೂಕ ಪಿಸಿಯ ಸಮಕ್ಕಿದೆ. ಅದು ಕೆಟ್ಟರೆ ಬದಲಿ ಕೊಳ್ಳುವಾಗ ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಅಳತೆ ಕೂಡಿಬರಬೇಕು. ಆ ಮೂರನ್ನೂ ಅಡಾಪ್ಟರಿನ ಮೇಲಿನ ಚೀಟಿ ಮಾಸುವ ಮೊದಲೇ ಬರೆದಿಟ್ಟುಕೊಂಡಿದ್ದೇನೆ.