ಐದು ತಂತಿಯ ಬೇಸ್ ಬೇಕೇ, ನಾಲ್ಕು ತಂತಿಯ ಶ್ರುತಿ ಇಳಿಸಿದರೆ ಸಾಕೇ?

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್‌ನ ಇ (ಪಾಶ್ಚಾತ್ಯ ಸ್ವರನಾಮ); ಅದರ ತಂತಿಗಳ ಶ್ರುತಿ ಕೆಳಗಿನಿಂದ ಮೇಲಕ್ಕೆ ಇ-ಎ-ಡಿ-ಜಿ. ಐದನೆಯ ತಂತಿ ಸೇರಿದರೆ ಅದು ಸುಮಾರು 31 ಹರ್ಟ್ಸ್‌ನ ಬಿ ತನಕ ಇಳಿಯುತ್ತದೆ. ಎರಡೂ ಬಗೆಯ ವಾದ್ಯಗಳನ್ನು ನುಡಿಸಿದ ಮೇಲೆ ನನಗನಿಸುವುದೇನೆಂದರೆ, ಐದು ತಂತಿಯ ಬೇಸನ್ನು ಕೇವಲ ಆ ಮಂದ್ರ ಸ್ವರಗಳಿಗಾಗಿ ಕೊಳ್ಳಬೇಕಾಗಿಲ್ಲ.

ಇ ತಂತಿಯನ್ನು ಡಿ ಗೆ ಇಳಿಸಿದರೆ ಅದರ ಬಿಗಿತ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. 0.105 ಇಂಚು ದಪ್ಪದ ತಂತಿಯ ಬದಲು 0.110 ಇಂಚಿನದನ್ನು ಹಾಕಿದರೆ ಆ ಸಡಿಲತೆಯ ಸುಮಾರು ಮೂರನೆಯ ಒಂದು ಭಾಗದಷ್ಟು ತುಂಬಿಬರುತ್ತದೆ, ಸ್ವರವೂ ತಿಳಿಯಾಗಿಯೇ ಇರುತ್ತದೆ. ಆದರೆ ಅದೇ ತಂತಿಯನ್ನು ಬಿ ವರೆಗೆ ಎಳೆದು ತಂದರೆ ಬಿಗಿತ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಯುವುದರಿಂದ, ತಂತಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ಬಡಿದು ಗರಗರ ಎನ್ನುತ್ತದೆ, ಮೀಟಿದ ಕ್ಷಣದಲ್ಲಿ ಶ್ರುತಿ ಏರಿ ಆಮೇಲೆ ಇಳಿಯುತ್ತದೆ. ಐದು ತಂತಿಯ ಸೆಟ್ಟಿನಿಂದ ಕೆಳಗಿನ ನಾಲ್ಕನ್ನು ಆರಿಸಿ ಬಿ-ಇ-ಎ-ಡಿ ಎಂದು ಕೂರಿಸುವುದು ಇದಕ್ಕೆ ಒಳ್ಳೆಯ ಪರಿಹಾರವೇ. ಹಾಗೆ ಮಾಡುವುದಾದರೆ ದಪ್ಪ ತಂತಿಗಳಿಗಾಗಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ತೋಡುಗಳನ್ನು ಅರದಿಂದ ಅಗಲಿಸಬೇಕು, ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಮತ್ತು ಇನ್ನೊಂದು ತುದಿಯಲ್ಲಿ ತಂತಿಗಳನ್ನು ಆನಿಸಿಕೊಳ್ಳುವ ಸ್ಯಾಡಲ್‌ಗಳನ್ನು ಹೊಸದಾಗಿ ಹೊಂದಿಸಬೇಕು, ಮೇಲಿನ ಜಿ ತಂತಿಯ ಆಸೆಯನ್ನೂ ಬಿಡಬೇಕು. ಇಡೀ ತಂಡ ಒಂದೇ ತಗ್ಗಿದ ಶ್ರುತಿಯಲ್ಲಿ ನುಡಿಸುವುದಾದರೆ ಇದಕ್ಕಿಂತ ಸರಳವಾದ ದಾರಿಯಿಲ್ಲ.

ಐದು ತಂತಿಯ ನಿಜವಾದ ಲಾಭ ಇರುವುದು ಎಡಗೈಯಲ್ಲಿ. ಐದನೆಯ ಫ್ರೆಟ್‌ನಲ್ಲಿ ಕೈ ಊರಿದರೆ ಬಿ ತಂತಿಯ ಮೇಲಿನ ಇ ಯಿಂದ ಹೊರಟು, ಕೈಯನ್ನು ಕದಲಿಸದೆ ಸುಮಾರು ಎರಡು ಆಕ್ಟೇವ್ (ಸಪ್ತಕ) ನುಡಿಸಬಹುದು. ಒಂದೇ ಸಂಜೆಯಲ್ಲಿ ಬೇರೆ ಬೇರೆ ಗಾಯಕರ ಶ್ರುತಿಗೆ ಹೊಂದಿಕೊಳ್ಳಬೇಕಾದ ವಾದಕರಿಗೆ ಇದು ಬಹಳ ದೊಡ್ಡ ಅನುಕೂಲ. ಅಂಥವರು ಐದು ತಂತಿಯನ್ನೇ ಕೊಳ್ಳಲಿ ಎಂದು ನಾನು ಒತ್ತಿ ಹೇಳುತ್ತೇನೆ. ಕತ್ತು ಅಗಲವಾಗಿರುತ್ತದೆ, ಅದು ಬೇಗ ರೂಢಿಯಾಗುತ್ತದೆ. ಅದಕ್ಕಿಂತ ಕಷ್ಟದ ಕೆಲಸವೆಂದರೆ, ಮೇಲಿನ ತಂತಿಗಳನ್ನು ಮೀಟುವಾಗ ತಾನಾಗಿ ಗುಂಯ್‌ಗುಡುವ ಬಿ ತಂತಿಯನ್ನು ಹೆಬ್ಬೆರಳಿನಿಂದ ಸದಾ ತಡೆಹಿಡಿಯುವುದು.

ಸಾಮಾನ್ಯ 34 ಇಂಚಿನ ಬದಲು 35 ಇಂಚಿನ ಸ್ಕೇಲ್ (ತಂತಿಯ ಕಂಪಿಸುವ ಭಾಗದ ಉದ್ದ) ಇದ್ದರೆ ಬಿ ತಂತಿ ಇನ್ನಷ್ಟು ಬಿಗಿಯಾಗಿರುತ್ತದೆಂಬುದು ನಿಜವಾದರೂ, ಅಳತೆಯೊಂದನ್ನೇ ನಂಬಬೇಡಿ. ಕೊಳ್ಳುವ ಮೊದಲು ಬಿ ತಂತಿಯ ಐದನೆಯ ಫ್ರೆಟ್ಟನ್ನೂ ಬೆರಳೊತ್ತದ ತೆರೆದ ಇ ತಂತಿಯನ್ನೂ ಒಂದಾದ ಮೇಲೊಂದರಂತೆ ಮೀಟಿ. ಎರಡೂ ಒಂದೇ ಸ್ವರ. ಮೊದಲನೆಯದು ತೀರಾ ಮಂಕಾಗಿ ಕೇಳಿಸಿದರೆ ಆ ವಾದ್ಯವನ್ನು ಅಲ್ಲಿಯೇ ಬಿಟ್ಟುಬನ್ನಿ.