ಪಾರಿ/ಜಿಪಿ: 21 ಅಂಕಿಯ ಸಂಖ್ಯೆಯೊಂದನ್ನು ಕೊಟ್ಟು ನೋಡಿದಾಗ

ದೊಡ್ಡ ಪೂರ್ಣಾಂಕವೊಂದರ ಒಳಹೊರಗು ತಿಳಿಯಬೇಕೆನ್ನುವವರಿಗೆ ಪಾರಿ/ಜಿಪಿಗಿಂತ ಒಳ್ಳೆಯ ಉಚಿತ ತಂತ್ರಾಂಶ ಸಿಗುವುದು ಕಷ್ಟ. ಫ್ರಾನ್ಸಿನ ಬೋರ್ಡೊದಲ್ಲಿ ಹುಟ್ಟಿದ್ದು, ಲಿನಕ್ಸ್, ವಿಂಡೋಸ್ ಎರಡರಲ್ಲೂ ಓಡುತ್ತದೆ. ನೋಡಲು ಕಪ್ಪು ತೆರೆ, ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೆ.

ಪರೀಕ್ಷೆಗೆ ಆರಿಸಿದ್ದು 2^67−1, ಅಂದರೆ 147573952589676412927. ಫ್ರೆಂಚ್ ಗಣಿತಜ್ಞ ಮೆರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಅವಿಭಾಜ್ಯವಲ್ಲ ಎಂದು 1876ರಲ್ಲಿ ಲ್ಯೂಕಾ ತೋರಿಸಿದರೂ ಅಪವರ್ತನಗಳು ಸಿಕ್ಕಿರಲಿಲ್ಲ. ಅವನ್ನು 1903ರಲ್ಲಿ ಮುಂದಿಟ್ಟವನು ಫ್ರಾಂಕ್ ಕೋಲ್. ಇಲ್ಲಿ 'ಫ್ಯಾಕ್ಟರ್(2^67-1)' ಎಂದು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 193707721 ಮತ್ತು 761838257287 ಬರುತ್ತವೆ. ಎರಡರಲ್ಲಿಯೂ 1 ಕಳೆದರೆ 67ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಈ ಜಾತಿಯ (2ರ ಅವಿಭಾಜ್ಯ ಘಾತದಿಂದ 1 ಕಳೆದ) ಸಂಖ್ಯೆಗಳ ಅಪವರ್ತನಗಳು ಹೀಗೆಯೇ ಇರಬೇಕು.

ಬಂದ ಉತ್ತರವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ. ಆಯ್ಲರ್‌ಫೈ (ಸಂಖ್ಯೆಯೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಚಿಕ್ಕ ಸಂಖ್ಯೆಗಳ ಎಣಿಕೆ), ಸಿಗ್ಮಾ (ಭಾಜಕಗಳ ಮೊತ್ತ), ನಮ್‌ಡಿವ್ (ಭಾಜಕಗಳ ಎಣಿಕೆ) ಆಜ್ಞೆಗಳಿಗೆ ಸಂಖ್ಯೆಯ ಬದಲು ಅದನ್ನೇ ಕೊಡಬಹುದು. ಇಲ್ಲದಿದ್ದರೆ ಪ್ರತಿ ಸಲವೂ ಅಪವರ್ತನ ಮೊದಲಿಂದ ಶುರುವಾಗುತ್ತದೆ. 70 ಅಂಕಿಯ ಸಂಖ್ಯೆಗೆ ಅದು ಸುಮ್ಮನೆ ದಂಡ. ನಮ್ಮ ಸಂಖ್ಯೆಗೆ ಫೈ 147573951827644447920, ಭಾಜಕಗಳ ಮೊತ್ತ 147573953351708377936, ಭಾಜಕಗಳು ನಾಲ್ಕೇ.

ಹೆಚ್ಚಿನವರು ಎಡವುವುದು ಅವಿಭಾಜ್ಯತೆಯ ಪರೀಕ್ಷೆಯಲ್ಲಿ. ಎನ್ ಎಂದರೆ ನಮ್ಮ ಸಂಖ್ಯೆ; ಅವಿಭಾಜ್ಯವಾದರೆ ಶೇಷ 1 ಬರಲೇಬೇಕು ಎನ್ನುವ ಫರ್ಮಾ ಪರೀಕ್ಷೆಗೆಂದು '2^(ಎನ್-1) % ಎನ್' ಬರೆದರೆ ತಂತ್ರಾಂಶ ಮೊದಲು ಪೂರ್ತಿ ಘಾತವನ್ನೇ ಲೆಕ್ಕ ಹಾಕಲು ಹೊರಟು ದೋಷ ತೋರಿಸಿ ನಿಲ್ಲುತ್ತದೆ, ಆ ಘಾತ ಯಾವ ಕಂಪ್ಯೂಟರಿನ ಮೆಮೊರಿಯಲ್ಲೂ ಹಿಡಿಸುವುದಿಲ್ಲ. 'ಮಾಡ್(2,ಎನ್)^(ಎನ್-1)' ಎಂದು ಬರೆಯಬೇಕು. ಆಗ ಹೆಜ್ಜೆಹೆಜ್ಜೆಗೂ ಶೇಷ ಮಾತ್ರ ಉಳಿಯುತ್ತದೆ. ಉತ್ತರ 1. ಹಾಗೆಂದು ಅವಿಭಾಜ್ಯವೇ? ಅಲ್ಲ! 2^67ರ ಶೇಷ ಇಲ್ಲಿ 1, ಎನ್-1 ಸಂಖ್ಯೆ 67ರ ಗುಣಕ, ಹಾಗಾಗಿ ಆಧಾರ 2, ಅಂದರೆ ಘಾತಕ್ಕೇರಿಸಿದ ಆ 2, ಈ ಸಂಖ್ಯೆಯ ಬಗ್ಗೆ ಏನನ್ನೂ ಹೇಳಲಾರದು. ಫರ್ಮಾ ಪರೀಕ್ಷೆಗಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯೂ ಆಧಾರ 2ರಲ್ಲಿ ಮೋಸಹೋಗುತ್ತದೆ. ಆಧಾರ 3 ಇಟ್ಟರೆ ಗುಟ್ಟು ರಟ್ಟಾಗುತ್ತದೆ. 'ಈಸ್‌ಸ್ಯೂಡೋಪ್ರೈಮ್' ಆಜ್ಞೆ ಆಧಾರ 2ರ ಮಿಲ್ಲರ್-ರಾಬಿನ್ ಜೊತೆಗೆ ಲ್ಯೂಕಾ ಎಂಬ ಬೇರೆ ಬಗೆಯ ಪರೀಕ್ಷೆಯನ್ನೂ ಮಾಡುವುದರಿಂದ ಸರಿಯಾಗಿ 0 (ಅವಿಭಾಜ್ಯವಲ್ಲ) ಎನ್ನುತ್ತದೆ. ಗಣಿತದ ಪುರಾವೆಯೇ ಬೇಕಿದ್ದರೆ 'ಈಸ್‌ಪ್ರೈಮ್'. ನಿಧಾನವಾದರೂ ಅದರ ಮಾತು ಖಚಿತ.

ಇನ್ನೊಂದು ಬಲೆ: 'ಫ್ಯಾಕ್ಟರ್(ಎನ್,10^6)' ಎಂದು ಹತ್ತು ಲಕ್ಷದೊಳಗಿನ ಅಪವರ್ತನಗಳನ್ನಷ್ಟೇ ಹುಡುಕುವಂತೆ ಮಿತಿ ಹಾಕಿದರೆ ನಮ್ಮ ಸಂಖ್ಯೆ ಘಾತ 1ರೊಂದಿಗೆ ಇದ್ದಂತೆಯೇ ಮರಳುತ್ತದೆ, ಅವಿಭಾಜ್ಯವೆನ್ನುವ ಹಾಗೆ. ಎಚ್ಚರಿಕೆಯ ಒಂದು ಸಾಲೂ ಇಲ್ಲ. ಇದು ದೊಡ್ಡ ಕೊರತೆಯೆಂದೇ ಹೇಳಬೇಕು. ಉಳಿದ ಭಾಗವನ್ನು ಬೇರೆಯಾಗಿ ಪರೀಕ್ಷಿಸಲೇಬೇಕು. 1ಇ20 ಎಂದು ಬರೆದರೆ ಅದು ದಶಮಾಂಶ ಸಂಖ್ಯೆ, ಪೂರ್ಣಾಂಕದ ಆಜ್ಞೆಗಳು ಒಪ್ಪುವುದಿಲ್ಲ, 10^20 ಎನ್ನಿ. ವರ್ಗಮೂಲಕ್ಕೆ 'ಎಸ್‌ಕ್ಯುಆರ್‌ಟಿಇಂಟ್' (sqrtint), ಏಕೆಂದರೆ ಸಾಮಾನ್ಯ ವರ್ಗಮೂಲ ಸುಮಾರು 38 ಅಂಕಿಗಳವರೆಗೆ ಮಾತ್ರ ನಿಖರ.

ಸ್ಟ್ಯಾಕ್ (ಲೆಕ್ಕಕ್ಕೆ ಮೀಸಲಿಟ್ಟ ಮೆಮೊರಿ) ತುಂಬಿತೆಂಬ ದೋಷ ಬಂದರೆ ಗಾಬರಿ ಬೇಡ, 'ಪಾರಿಸೈಜ್‌ಮ್ಯಾಕ್ಸ್' ಅನ್ನು 1 ಜಿಬಿಗೆ ಏರಿಸಿ. ಆದರೆ ಸಮಗಾತ್ರದ ಎರಡು ಅವಿಭಾಜ್ಯಗಳ ಗುಣಲಬ್ಧ 100 ಅಂಕಿ ಮುಟ್ಟಿದರೆ ಮೆಮೊರಿ ಏರಿಸಿ ಪ್ರಯೋಜನವಿಲ್ಲ. ಅಂಥದ್ದಕ್ಕೆ ದೊಡ್ಡ ಸಂಖ್ಯೆಗಳ ಅಪವರ್ತನಕ್ಕೆಂದೇ ಇರುವ ಕಾಡೋ-ಎನ್‌ಎಫ್‌ಎಸ್ ತಂತ್ರಾಂಶ ಹಾಕಿಕೊಳ್ಳಿ.